ಕೈ ಎತ್ತುವ ರೇಷ್ಮಾ

ತಪ್ಪು ಮಾಡಿದ ಕೂಡಲೇ ರೇಷ್ಮಾ ಕೈ ಎತ್ತುತ್ತಿದ್ದಳು. ಕಬಡ್ಡಿ ಅಂಕಣದಲ್ಲಿ ಔಟಾದವರು ಎತ್ತಿದರೆ ಸರಿ, ಓಣಿಯಲ್ಲೂ ಎತ್ತುವುದೇ? ನನ್ನ ನೀರಿನ ಕೊಡ ಉರುಳಿಸಿದ ದಿನ, ನಾನು ಬೈಯುವ ಮೊದಲೇ ಕೈ ಮೇಲೆ.

"ಔಟ್ ಆದೆ ಆಯಿ. ತಪ್ಪು ನಂದ."

ಹುಟ್ಟಿನಿಂದ ಹಾಗಿರಲಿಲ್ಲ. ಪಕ್ಕದ ಮನೆಯವಳು, ನನಗೆ ಗೊತ್ತಿಲ್ಲವೇ? ಬಾಯಿ ಬಿಟ್ಟರೆ ಸುಳ್ಳು. ಹತ್ತಿಮತ್ತೂರಿನ ಹೈಸ್ಕೂಲಿನಲ್ಲಿ ಹುಡುಗಿಯರ ತಂಡಕ್ಕೆ ಕ್ಯಾಪ್ಟನ್ ಆದಮೇಲೂ, ಸವಣೂರಿನ ಪಂದ್ಯದಲ್ಲಿ ಗೆರೆ ದಾಟಿ, ದಾಟಿಲ್ಲ ಎಂದು ವಾದಿಸಿದಳು. ಅವಳ ಮಾತು ನಂಬಿ ಅಂಪೈರ್ ಜೊತೆ ಜಗಳಕ್ಕೆ ನಿಂತವಳು ಗೆಳತಿ ಲಕ್ಷ್ಮಿ. ಲಕ್ಷ್ಮಿಯನ್ನೇ ಹೊರಗೆ ಕೂರಿಸಿದರು.

"ಸುಳ್ಳು ನಂದು ಆಯಿ, ಹೊರಗ ಕುಂತಾಕಿ ಆಕಿ," ಎಂದು ನನ್ನ ಕಟ್ಟೆಯ ಮೇಲೆ ಕೂತು ಅತ್ತಳು. ಕೈ ಎತ್ತುವ ಚಟ ಅಂದಿನಿಂದ.

ಮರುವರ್ಷ ತಪ್ಪು ಮಾಡಿದವಳು ನಾನು. ತಂಡದ ನೀಲಿ ಬನಿಯನ್ ತೊಟ್ಟ ಹುಡುಗಿಯೊಬ್ಬಳು ಯಾರದೋ ಬೈಕಿನ ಹಿಂದೆ ಕೂತು ಹೋದದ್ದು ಕಂಡೆ. ಮುಖ ನೋಡಲಿಲ್ಲ. "ನಿನ್ನ ಮಗಳನ್ನ ನೋಡಿದೆ," ಎಂದು ರೇಷ್ಮಾಳ ಅಪ್ಪ ಹುಸೇನಸಾಬನ ಕಿವಿಗೆ ಹಾಕಿದೆ. ಆಟ ಬಂದ್. ಹಾನಗಲ್ಲಿನ ಪಂದ್ಯಕ್ಕೆ ನಾಲ್ಕೇ ದಿನ.

ಸಂಜೆ ಲಕ್ಷ್ಮಿ ಕುಂಟುತ್ತಾ ಬಂದಳು. "ಅದು ನಾ ಇದ್ದೆ ಆಯಿ. ಕಾಲು ಉಳುಕಿತ್ತು, ನಮ್ಮಣ್ಣ ದವಾಖಾನಿಗೆ ಕರ್ಕೊಂಡು ಹೋಗಿದ್ದ. ಬನಿಯನ್ ಎಲ್ಲಾರ್ದೂ ಒಂದ ಅಲ್ಲೇನು?"

ಎರಡು ದಿನ ಸುಮ್ಮನಿದ್ದೆ. ಈ ವಯಸ್ಸಿಗೆ ತಪ್ಪಾಯಿತೆಂದು ಯಾರ ಮುಂದೆ ಹೇಳಲಿ? ಮೂರನೇ ದಿನ ನಲ್ಲಿಯ ಹತ್ತಿರ ರೇಷ್ಮಾ ಸಿಕ್ಕಳು. ಬೈಯಲಿಲ್ಲ, ಅಳಲೂ ಇಲ್ಲ.

"ಅಂಪೈರ್ ನೋಡದಿದ್ರೂ, ಗೆರಿ ದಾಟಿದಾಕಿಗೆ ಗೊತ್ತಿರ್ತೈತಿ ಆಯಿ."

"ನಂಗ ಆಟ ಕಲಸಾಕ ಬಂದೀ ಏನ?"

"ನಾ ಕ್ಯಾಪ್ಟನ್ ಅದೇನಿ. ಹನ್ನೊಂದು ಮಂದಿ ಹಾದಿ ಕಾಯಾಕತ್ತಾರ."

ಕೊಡ ಅಲ್ಲೇ ಬಿಟ್ಟು ನಡೆದೆ. ಹುಸೇನಸಾಬ ನಾಲ್ಕು ಜನರೊಂದಿಗೆ ಕೂತು ವೀಳ್ಯದೆಲೆ ಕಟ್ಟುತ್ತಿದ್ದ. ಎದುರಿಗೆ ನಿಂತು ಕೈ ಎತ್ತಿದೆ.

"ಔಟ್ ಆದಾಕಿ ನಾ. ನಿನ್ನ ಮಗಳಲ್ಲ, ಲಕ್ಷ್ಮಿ ಇದ್ದಳು, ಅವರಣ್ಣನ ಗಾಡಿ ಮ್ಯಾಲ."

ಗಂಡಸರು ನಕ್ಕರು.

"ನಗ್ರಿ. ನಿಮ್ಮೊಳಗ ಒಬ್ಬರರ ಇಷ್ಟು ವರ್ಷದಾಗ ಕೈ ಎತ್ತೀರೇನು? ಹುಸೇನಾ, ನಾಳೆ ಹುಡುಗೀನ್ನ ಕಳಸು. ಕಳಸೂ ಮಟ ನಾ ಇಲ್ಲಿಂದ ಏಳಂಗಿಲ್ಲ."

ಅವನ ಎಲೆಬುಟ್ಟಿಯ ಪಕ್ಕದಲ್ಲೇ ಕೂತುಬಿಟ್ಟೆ. ಹೊತ್ತು ಇಳಿಯುವ ಮೊದಲೇ ಒಪ್ಪಿದ.

ಹಾನಗಲ್ಲಿನಲ್ಲಿ ಸೋತು ಬಂದರು. ಸೋಲಲಿ. ಆಡಿ ಸೋತರು.

ಈಗ ರೇಷ್ಮಾ ಹಿರೇಕೆರೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾಳೆ. ಓಣಿಯಲ್ಲಿ ಕೈ ಎತ್ತುವವರು ಯಾರೂ ಉಳಿದಿಲ್ಲ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿ, ಸೊಸೆಯ ಮೇಲೆ ಹರಿಹಾಯ್ದೆ. ಹಾಕಿದವಳು ನಾನೇ ಎಂದು ಆಮೇಲೆ ನೆನಪಾಯಿತು. ಸೌಟು ಹಿಡಿದ ಕೈಯನ್ನೇ ಎತ್ತಿ ನಿಂತೆ.

"ಯಾಕ್ರಿ ಅತ್ತಿ, ಕೈ ನರ ಹಿಡಕೊಂತೇನ್ರಿ?" ಎಂದಳು ಸೊಸೆ.

"ಇಲ್ಲ. ಔಟ್."