ನಲವತ್ತೊಂದನೆಯ ಮಂಚ

ಬೆಳಗಾವಿ ಜಿಲ್ಲೆಯಲ್ಲಿ ಗಣಿತ ಕಲಿಸಿದವರು ಬಹಳ ಮಂದಿ ಇದ್ದಾರೆ. ಗಣಿತವೆಂದರೆ ಓಡಿಹೋಗುವ ಹುಡುಗರನ್ನು ರಟ್ಟೆ ಹಿಡಿದು ಕೂಡಿಸಿ, ಅವರ ಕೈಯಿಂದಲೇ ಉತ್ತರ ತೆಗೆಸಿದವರು ಕೆಲವರು ಮಾತ್ರ. ಆ ಕೆಲವರಲ್ಲಿ ಅಗ್ರಗಣ್ಯರು ಶ್ರೀ ಸಿದರಾಯ ಮೈಲಾರಲಿಂಗ ಪೂಜೇರಿಯವರು. ಗ್ಲೆನ್ ಬಾಲಕರ ಶಾಲೆಯಲ್ಲಿ ಮೂವತ್ತೊಂದು ವರ್ಷ ಅಧ್ಯಾಪಕರಾಗಿ, ಅದರಲ್ಲಿ ಹತ್ತೊಂಬತ್ತು ವರ್ಷ ವಸತಿಗೃಹದ ವಾರ್ಡನ್ನರೂ ಆಗಿ ದುಡಿದ ಈ ಮಹನೀಯರು ಇದೇ ೨೦೦೩ರ ಮೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಶಾಲೆಯವರು ಅವರನ್ನು ಬಿಟ್ಟುಕೊಡುತ್ತಿದ್ದಾರೆ ಎನ್ನುವುದಕ್ಕಿಂತ ಸರಕಾರದ ಕ್ಯಾಲೆಂಡರು ಕಿತ್ತುಕೊಳ್ಳುತ್ತಿದೆ ಎನ್ನುವುದೇ ಸರಿ.

ಶಾಲೆಯ ಪರಿಚಯವಿಲ್ಲದವರಿಗೆ ಎರಡು ಮಾತು. ಸ್ಕಾಟ್ಲೆಂಡಿನಿಂದ ಬಂದ ಗ್ಲೆನ್ ಎಂಬ ಮಾಸ್ತರರು ತಾವು ಓದಿದ ಶಾಲೆಯ ಅಚ್ಚಿನಲ್ಲಿಯೇ ಇದನ್ನು ಕಟ್ಟಿದರು. ಅಲ್ಲಿಯಂತೆ ಇಲ್ಲಿಯೂ ಹುಡುಗರಲ್ಲಿ ಎರಡು ಬಗೆ: ಸಂಜೆ ಮನೆಗೆ ಹೋಗುವವರು ಡೇ ಸ್ಕಾಲರ್, ಶಾಲೆಯಲ್ಲೇ ಉಂಡು ಮಲಗುವವರು ಬೋರ್ಡರ್. ಬೆಳಗಿನ ಉಪಾಹಾರಕ್ಕೆ ಉಪ್ಪು ಹಾಕಿದ ಓಟ್ಸ್ ಗಂಜಿ ಎಂದು ಗ್ಲೆನ್ ಸಾಹೇಬರು ವಿಧಿಸಿದ್ದರು. ಕಾಲಾನುಕ್ರಮದಲ್ಲಿ ಓಟ್ಸ್ ಹೋಗಿ ಜೋಳದ ನುಚ್ಚು ಬಂದರೂ ಸಕ್ಕರೆ ಮಾತ್ರ ಇಂದಿಗೂ ಬಂದಿಲ್ಲ. ಗ್ಲೆನ್ ಎಂಬ ಹೆಸರು ಊರವರ ನಾಲಿಗೆಗೆ ಒಗ್ಗದೆ ನಮ್ಮದು 'ಗೆಣಸಿನ ಸಾಲಿ' ಎಂದೇ ಪ್ರಸಿದ್ಧವಾಯಿತು. ಬೆಳಗಾವಿ ಕೋಟೆಯ ಕಡೆಯ ಆಟೋದವರಿಗೆ ಈಗಲೂ ಹಾಗೆ ಹೇಳಿದರೇ ದಾರಿ ತಿಳಿಯುವುದು.

ಕುರಿಗಾಹಿಯ ಮಗನಾದ ಪೂಜೇರಿಯವರು ೧೯೭೨ರಲ್ಲಿ ಈ ಶಾಲೆಗೆ ಬಂದಾಗ ಕೈಯಲ್ಲಿ ಪದವಿಪತ್ರ, ಹೆಗಲ ಮೇಲೆ ತಂದೆಯ ಕರಿ ಕಂಬಳಿ. ವಾರ್ಡನ್ನರಾದ ಮೇಲೆ ಪ್ರತಿ ರವಿವಾರ ಹುಡುಗರನ್ನು ಸುತ್ತ ಕೂಡಿಸಿಕೊಂಡು ಅವರವರ ಮನೆಗೆ ಕಾರ್ಡು ಬರೆಸುತ್ತಿದ್ದರು. ಕನ್ನಡ ಓದುವ ಮನೆಗೆ ಕನ್ನಡ, ಮರಾಠಿ ಓದುವ ಮನೆಗೆ ಮರಾಠಿ. ಓದಲು ಬಾರದ ಮನೆಗೆ ರಜೆಯಲ್ಲಿ ತಾವೇ ಹೋಗಿ ಬಾಯಿಯಲ್ಲಿ ವರದಿ ಒಪ್ಪಿಸಿ ಬರುತ್ತಿದ್ದರು. ಜ್ವರ ಬಂದ ಹುಡುಗನ ಬದಿಗೆ ಕೂತು ಮಗ್ಗಿ ಹೇಳಿಸುತ್ತಿದ್ದರೆಂಬ ದೂರೂ ಅವರ ಮೇಲಿದೆ, ಮತ್ತು ಅದು ಖರೇ.

ಆದರೆ ಅವರ ಸೇವೆಯ ತಿರುಳನ್ನು ತಿಳಿಯಬೇಕಾದರೆ ೧೯೯೮ರ ಜೂನ್ ತಿಂಗಳಿಗೇ ಹೋಗಬೇಕು. ಅದಕ್ಕೆ ಕಾರಣವಾದದ್ದು ಒಬ್ಬ ಗುಮಾಸ್ತನ ಕಿವಿ. ಆ ಗುಮಾಸ್ತನ ಹೆಸರು ಮಾರ್ತಾಂಡ; ಈ ಲೇಖನದ ಕರ್ತೃವೂ ಅವನೇ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಿಂದ ತಮ್ಮಣ್ಣ ಎಂಬುವರು ಮಗ ಶಿವಲಿಂಗನನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದರು. ಹುಡುಗ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾಗಿದ್ದ. ಮಾರ್ತಾಂಡ ಅರ್ಜಿಯಿಂದ ತಲೆ ಎತ್ತದೆ, "ಹುಡುಗ ಬೋರ್ಡರ್ ಏನ್ರೀ?" ಎಂದು ಕೇಳಿದ.

"ಹೌದ್ರೀ ಸಾಹೇಬ್ರ, ಪಕ್ಕಾ ಬಾರ್ಡರ್! ನಮ್ಮ ಹಳ್ಳಾ ದಾಟಿ ಗುಡ್ಡಾ ಏರಿದ್ರ ಆ ಬಾಜು ಗೋವಾನ ಐತಿ ನೋಡ್ರಿ."

ಗಡಿಯ ಮಾತನ್ನು ದಿನ ಬೆಳಗಾದರೆ ಕೇಳುವ ಈ ಊರಿನಲ್ಲಿ ಹುಟ್ಟಿ, ಕನ್ನಡ ಮರಾಠಿ ಎರಡೂ ಬಲ್ಲೆನೆಂದು ಬೀಗುತ್ತಿದ್ದ ಮಾರ್ತಾಂಡನಿಗೆ ಇಂಗ್ಲಿಷು ಕೈಕೊಟ್ಟಿತು. ಗೋವೆಯ ಸುದ್ದಿ ಅವನ ಕಿವಿಗೆ ಬೀಳಲೇ ಇಲ್ಲ. 'ಬೋರ್ಡರ್' ಎಂದು ದಪ್ಪ ಅಕ್ಷರದಲ್ಲಿ ದಾಖಲೆ ಪುಸ್ತಕಕ್ಕೆ ಏರಿಸಿಬಿಟ್ಟ. ಗಡಿಭಾಗದವರಿಗೆ ಸಾಲಿಯವರು ಉಳಿಯಲು ಖೋಲಿಯನ್ನೂ ಕೊಟ್ಟರಲ್ಲ ಎಂದು ಹಿಗ್ಗಿದ ತಮ್ಮಣ್ಣ ಮಗನನ್ನು ಬಿಟ್ಟು ಊರಿಗೆ ಹೋದರು.

ಎರಡನೆಯ ವಾರದಲ್ಲಿ ಅಂದಿನ ಮುಖ್ಯಾಧ್ಯಾಪಕರು ವಸತಿಗೃಹದ ತಪಾಸಣೆಗೆ ಬಂದರು. ಮಂಚ ನಲವತ್ತು, ಹೆಸರು ನಲವತ್ತೊಂದು! ಮೂಲೆಯಲ್ಲಿ ಪೂಜೇರಿಯವರ ಕಂಬಳಿಯ ಮೇಲೆ ಶಿವಲಿಂಗ. ಕರೆಕಳಿಸಿದ ಮೇಲೆ ತಮ್ಮಣ್ಣ ಹೆಂಡತಿ ಮಾಯಕ್ಕನೊಡನೆ ಬಂದರು, ಬಾರ್ಡರಿನ ಗುಟ್ಟು ಬಯಲಾಯಿತು. ಕಚೇರಿಗೆ ಕಚೇರಿಯೇ ಬಿದ್ದು ಬಿದ್ದು ನಕ್ಕಿತು. ಮಾಯಕ್ಕ ಮಾತ್ರ ನಗಲಿಲ್ಲ.

"ಹಳ್ಳಾ ತುಂಬಿತಂದ್ರ ಎರಡ ತಿಂಗಳ ದಾಟಾಕ ಆಗಂಗಿಲ್ಲರಿ," ಎಂದರು ಆಕೆ. "ಹೆಂಗರ ಮಾಡಿ ಕಳಸೂಣು ಅಂತ ಇವರು ಬಂದಿದ್ರು. ಖರೇ ಹೇಳಬೇಕಂದ್ರ, ದಿನಾ ಹೋಗಿ ಬಾ ಅಂದ್ರ ನನ್ನ ಮಗನ ಸಾಲಿ ಇಲ್ಲಿಗೇ ಮುಗೀತ್ರಿ."

ಮಾರ್ತಾಂಡ ದಾಖಲೆ ಪುಸ್ತಕ ತೆರೆದು ಆ ಸಾಲನ್ನು ನೋಡಿದ. ತಾನು ಬರೆದ ಒಂದು ಶಬ್ದ ತಿದ್ದಿದರೆ ಒಬ್ಬ ಹುಡುಗನ ಓದು ನಿಲ್ಲುತ್ತದೆ. ತಿದ್ದದಿದ್ದರೆ ತನ್ನ ಮುಖ ಉಳಿಯುವುದಿಲ್ಲ. ಮುಖ್ಯಾಧ್ಯಾಪಕರು ಕೆಟ್ಟವರಲ್ಲ, ಆದರೆ ಶಿಸ್ತಿನ ಮನುಷ್ಯ. "ತಪ್ಪು ತಿದ್ದಲೇಬೇಕ್ರಿ," ಎಂದರು. "ನಲವತ್ತು ಮಂಚ, ನಲವತ್ತೊಂದು ಹುಡುಗರು. ಪೂಜೇರಿಯವರ, ಗಣಿತದವರು ನೀವು, ನೀವ ಹೇಳ್ರಿ."

ಪೂಜೇರಿಯವರು ಕಪಾಟಿನಿಂದ ಗ್ಲೆನ್ ಸಾಹೇಬರ ಹಳೆಯ ನಿಯಮಾವಳಿ ತೆಗೆದು ಬೆರಳಿಟ್ಟು ತೋರಿಸಿದರು: ಬೋರ್ಡರ್ ಎಂದು ದಾಖಲೆಯಲ್ಲಿ ಹೆಸರು ಬಿದ್ದ ಹುಡುಗನಿಗೆ ವರ್ಷ ಮುಗಿಯುವವರೆಗೆ ಮಂಚವಿಲ್ಲವೆಂದು ಹೇಳತಕ್ಕದ್ದಲ್ಲ.

"ನಿಯಮ ಇದು ಸರ್. ಇನ್ನ ಲೆಕ್ಕ. ಮಂಚ ನಲವತ್ತಲ್ಲ, ನಲವತ್ತೊಂದ ಅದಾವ. ವಾರ್ಡನ್ನನ ಮಂಚ ಎಣಸೂದ ಬಿಟ್ಟೀರಿ ನೀವು."

"ಮತ್ತ ನೀವ ಎಲ್ಲಿ ಮಲಗವರು?"

"ನಮ್ಮಪ್ಪ ಕುರಿ ಕಾಯಾಕ ಹೋದಾಗ ಯಾವ ಮಂಚಾ ಒಯ್ದಿದ್ದಾ? ಕಂಬಳಿ ಐತ್ರಿ." ಹಾಗೆಂದವರೇ ಗುಮಾಸ್ತನ ಕಡೆ ತಿರುಗಿದರು. "ಬರದಾಂವ ನೀನ, ಹೊರಾಂವನೂ ನೀನ. ಆ ಕಡಿ ಹಿಡಿ, ಮಾರ್ತಾಂಡಾ."

ಆ ಕಬ್ಬಿಣದ ಮಂಚದ ಭಾರ ಹೊತ್ತವನಿಗೇ ಗೊತ್ತು. ಮಾಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಮಂಚ ಹೋಗುವ ದಾರಿಯಲ್ಲಿದ್ದ ಬೆಂಚನ್ನು ತಾವೇ ಬದಿಗೆ ಸರಿಸಿದರು.

ಮಂಚ ಸಿಕ್ಕಿದರೂ ಗಣಿತ ಸಿಗಬೇಕಲ್ಲ! ಮೊದಲ ಕಿರುಪರೀಕ್ಷೆಯಲ್ಲಿ ಶಿವಲಿಂಗನಿಗೆ ನೂರಕ್ಕೆ ಹನ್ನೊಂದು. ಪೂಜೇರಿಯವರು ಹಿಡಿದ ಪಟ್ಟು ಬಿಡುವವರಲ್ಲ. ಮೂರು ವರ್ಷ, ನುಚ್ಚಿನ ಗಂಟೆ ಬಾರಿಸುವ ಮೊದಲು ದಿನಕ್ಕೊಂದು ತಾಸು ಅವನನ್ನು ಎದುರಿಗೆ ಕೂಡಿಸಿಕೊಂಡರು. ೨೦೦೧ರ ಎಸ್.ಎಸ್.ಎಲ್.ಸಿ.ಯಲ್ಲಿ ಅವನಿಗೆ ಗಣಿತದಲ್ಲಿ ಎಂಬತ್ತೆಂಟು ಬಂತು. ಪೇಢೆ ತಂದ ಹುಡುಗನಿಗೆ ಇವರು ಕೇಳಿದ ಮೊದಲ ಪ್ರಶ್ನೆ, "ಉಳಿದ ಹನ್ನೆರಡು ಎಲ್ಲಿ ಹಾಕಿದಿ?" ಕೇಳಿ, ಪೇಢೆ ಬಾಯಿಗೆ ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದರು. ಶಿವಲಿಂಗ ಈಗ ಇದೇ ಊರಿನಲ್ಲಿ ಪಾಲಿಟೆಕ್ನಿಕ್ ಓದುತ್ತಿದ್ದಾನೆ.

ಅವನ ಮಂಚ ತೆರವಾದ ಮೇಲಾದರೂ ವಾರ್ಡನ್ನರು ಅದನ್ನು ಮರಳಿ ಒಯ್ಯಬಹುದಿತ್ತು. ಒಯ್ಯಲಿಲ್ಲ. ಹಳ್ಳದಾಚೆಯಿಂದಲೇ ಬೀರಣ್ಣನೆಂಬ ಇನ್ನೊಬ್ಬನನ್ನು ಹುಡುಕಿ ತಂದರು. ಹುಡುಗರು ಅದಕ್ಕೆ 'ಬಾರ್ಡರ್ ಮಂಚ' ಎಂದು ಹೆಸರಿಟ್ಟರು. ಬೆನ್ನು ನೋವು ಬಂದರೂ ಪೂಜೇರಿಯವರು ಐದು ವರ್ಷ ನೆಲದ ಮೇಲೆಯೇ ಮಲಗಿದ್ದಾರೆ. ಇದನ್ನು ಬರೆಯುವಾಗ ಮಾರ್ತಾಂಡನಿಗೆ ನಾಚಿಕೆಯಾಗುತ್ತದೆ, ಹೆಮ್ಮೆಯೂ ಆಗುತ್ತದೆ.

ಈಗ ಹೊಸ ವಾರ್ಡನ್ನರು ಬರುತ್ತಾರೆ. ವಾರ್ಡನ್ನರ ಮಂಚ ವಾರ್ಡನ್ನರ ಖೋಲಿಗೇ ಹೋಗಲಿ, ಬೀರಣ್ಣ ಮುಂದಿನ ವರ್ಷದಿಂದ ಡೇ ಸ್ಕಾಲರ್ ಆಗಲಿ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಮಾತು ಬಂತು. ಸನ್ಮಾನದ ಏರ್ಪಾಡು ಕೇಳಲು ಕರೆದಿದ್ದ ಪೂಜೇರಿಯವರು ಎದ್ದು ನಿಂತು, "ನನಗ ಶಾಲು ಬ್ಯಾಡ್ರಿ, ಹೊದಿಯಾಕ ಕಂಬಳಿ ಐತಿ. ಆ ಮಂಚ ಅಲ್ಲೇ ಇರ್ಲಿ," ಎಂದಷ್ಟೇ ಹೇಳಿದರು. ಮಂಡಳಿಯವರು "ನೋಡೂಣ" ಎಂದರು. ಆ 'ನೋಡೂಣ'ದ ಅರ್ಥ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪೂಜೇರಿಯವರು ಊರ ಹೊರಗಿನ ಮಚ್ಛೆಯಲ್ಲಿರುವ ಮಗಳ ಮನೆಗೆ ಹೋಗುತ್ತಾರೆ, ಆದರೆ ಸುಮ್ಮನೆ ಕೂರುವವರಲ್ಲ. ದಿನಾ ಮುಂಜಾನೆಯ ಸಿಟಿ ಬಸ್ಸಿಗೆ ಬಂದು ಹಳ್ಳದಾಚೆಯ ಹುಡುಗರಿಗೆ ಒಂದು ತಾಸು ಗಣಿತ ಹೇಳುವುದೆಂದು ಈಗಾಗಲೇ ನಿಶ್ಚಯಿಸಿದ್ದಾರೆ. "ಇನ್ನ ಮ್ಯಾಲೆ ನಾನ ಡೇ ಸ್ಕಾಲರ್ ನೋಡಪಾ," ಎಂದು ಮೊನ್ನೆ ನಕ್ಕರು. ಆ ಬಸ್ಸು ತಪ್ಪದಿರಲಿ, ಆ ಬೆನ್ನು ನೆಟ್ಟಗಾಗಲಿ, ನೂರು ತುಂಬುವವರೆಗೆ ಅವರ ಕೈಯ ಸೀಮೆಸುಣ್ಣ ಸವೆಯುತ್ತಲೇ ಇರಲಿ ಎಂಬುದು ಶಿಷ್ಯರ, ಸಹೋದ್ಯೋಗಿಗಳ ಹಾರೈಕೆ.

ಇನ್ನೊಂದು ಮಾತು ಉಳಿದಿದೆ. ಮಂಡಳಿಯವರಿಗೆ ಅದು ಈ ಅಭಿನಂದನ ಸಂಪುಟ ಅಚ್ಚಾಗಿ ಬಂದಾಗಲೇ ತಿಳಿಯುತ್ತದೆ, ತಿಳಿಯಲಿ. ಮುಂದಿನ ವರ್ಷದ ದಾಖಲೆ ಪುಸ್ತಕ ನಿನ್ನೆ ತೆರೆಯಿತು. ಗ್ಲೆನ್ ಸಾಹೇಬರ ನಿಯಮವನ್ನು ಇನ್ನೂ ಯಾರೂ ಹೊಡೆದುಹಾಕಿಲ್ಲ. ಹೊಸ ವಾರ್ಡನ್ನರ ಖೋಲಿಗೆ ಶಿವಬಸವ ನಗರದ ಮಾರ್ತಾಂಡನ ಮನೆಯಿಂದ ಒಂದು ಮಂಚ ಬರುತ್ತದೆ, ಹೊರುವುದು ಅವನಿಗೆ ರೂಢಿಯಿದೆ. ಪುಸ್ತಕದ ನಲವತ್ತೊಂದನೆಯ ಸಾಲಿನಲ್ಲಿ ಅವನು ದಪ್ಪ ಅಕ್ಷರದಲ್ಲಿ ಬರೆದಾಗಿದೆ: ಬೀರಣ್ಣ, ಬೋರ್ಡರ್. ಈ ಸಲ ಕಿವಿ ತಪ್ಪಿಲ್ಲ.