ಬೆನಕಪ್ಪನವರ ಚೆಂಡಿನ ಕಣ

ಬೆಳಗಿನ ಐದೂವರೆ. ಕಡೂರು ಸ್ಟೇಷನ್ನಿನ ಹಿಂದಿನ ಬಯಲಲ್ಲಿ ಮಂಜು ಇನ್ನೂ ಕರಗಿಲ್ಲ. ಎರಡು ಕಬ್ಬಿಣದ ಕಂಬಗಳ ನಡುವೆ, ಕಂಬಳಿ ಹೊದ್ದ ಮನುಷ್ಯರೊಬ್ಬರು ಕುಕ್ಕರುಗಾಲಲ್ಲಿ ಕುಳಿತು ನೆಲಕ್ಕೆ ಅಂಗೈ ಒತ್ತುತ್ತಿದ್ದಾರೆ. ಒತ್ತಿ, ಕೈ ತಿರುಗಿಸಿ ನೋಡಿ, ಎರಡು ಹೆಜ್ಜೆ ಸರಿದು ಮತ್ತೆ ಒತ್ತುತ್ತಾರೆ. ಏನು ಕಳೆದುಕೊಂಡಿದ್ದೀರಿ ಎಂದು ಕೇಳಿದರೆ ತಲೆ ಎತ್ತದೆ ಉತ್ತರ ಕೊಡುತ್ತಾರೆ: "ಕಳ್ದಿಲ್ಲ ಸ್ವಾಮಿ. ನೆಲ ಹಸಿ ಐತಾ ಅಂತ ನೋಡ್ತಾ ಇವ್ನಿ. ಈಗ್ಲೇ ಸಗಣಿ ಬಗ್ಗಡ ಹಾಕಿದ್ರೆ ನಾಳೆ ಚಕ್ಕೆ ಏಳ್ತದೆ. ನೀವು ಚಪ್ಲಿ ಆಚೆ ಬಿಡಿ."

ನಾನು ಚಪ್ಪಲಿ ಆಚೆ ಬಿಡುತ್ತೇನೆ. ಇದು ಬೆನಕಪ್ಪನವರ ಕಣ. ಆದರೆ ಇದರ ಮೇಲೆ ರಾಗಿ ಬೀಳುವುದಿಲ್ಲ, ಎತ್ತು ಸುತ್ತುವುದಿಲ್ಲ. ಭಾನುವಾರ ಮಧ್ಯಾಹ್ನ ಇಲ್ಲಿ ಕಾಲೇಜು ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರಿನ ಕಾಲೇಜುಗಳ ನಡುವೆ ಪ್ರತಿ ಚಳಿಗಾಲ ನಡೆಯುವ ಪಂದ್ಯಗಳನ್ನು ನೋಡಲು ಎರಡು ಸಾವಿರ ಜನ ಸೇರುತ್ತಾರೆ. ಆಡಿದವರ ಹೆಸರು ಎಲ್ಲರಿಗೂ ಬಾಯಿಪಾಠ. ಆಡುವ ನೆಲವನ್ನು ಹನ್ನೊಂದು ವರ್ಷದಿಂದ ಮಾಡಿಕೊಟ್ಟವರು ಯಾರು ಎಂದು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ತಲೆ ಕೆರೆದುಕೊಳ್ಳುತ್ತಾರೆ.

ಬೆನಕಪ್ಪನವರಿಗೆ ಅರವತ್ತೊಂದು. ಹುಟ್ಟಿದ್ದು ಪಂಚನಹಳ್ಳಿ ಕಡೆ. ಹದಿನಾರನೇ ವಯಸ್ಸಿಗೆ ಅಪ್ಪನ ಜೊತೆ ಊರೂರು ತಿರುಗಿ ಒಕ್ಕಣೆಯ ಕಣ ಮಾಡಲು ಕಲಿತವರು. ಹಿರೇನಲ್ಲೂರಿನಿಂದ ಬೀರೂರಿನವರೆಗೆ ಒಂದು ಕಾಲಕ್ಕೆ ಅವರು ಮಾಡಿದ ಕಣವೆಂದರೆ ಹೆಂಗಸರು ಕಾಳು ಕೇರದೆ ಹಾಗೇ ತುಂಬಿಕೊಳ್ಳಬಹುದಿತ್ತಂತೆ, ಒಂದು ಕಲ್ಲು ಸಿಗುತ್ತಿರಲಿಲ್ಲವಂತೆ. ಹೇಳಿದ್ದು ಅವರಲ್ಲ, ಅವರ ಹೆಂಡತಿ ವಿಮಲಮ್ಮ. ಬೆನಕಪ್ಪನವರ ಬಾಯಿಂದ ತಮ್ಮ ಬಗ್ಗೆ ಒಂದು ಮಾತು ಹೊರಡಿಸಬೇಕಾದರೆ ಹಲ್ಲು ಕೀಳುವಷ್ಟು ಕಷ್ಟ.

"ಈಗ ಯಾರ್ ಕಣ ಮಾಡಿಸ್ತಾರೆ?" ಎನ್ನುತ್ತಾರೆ ಬೆನಕಪ್ಪ. "ತೆನೆ ತಂದು ಟಾರ್ ರೋಡಿಗೆ ಹಾಕ್ತಾರೆ. ಬಸ್ಸು ತುಳ್ಕಂಡ್ ಹೋಯ್ತದೆ. ಎತ್ತೂ ಬೇಡ, ನಾನೂ ಬೇಡ. ಐದಾರು ವರ್ಷದಿಂದ ಒಬ್ರೂ ಕರ್ದಿಲ್ಲ. ಉಳಿದಿರೋದು ಇದೊಂದೇ ಕಣ."

ಈ ಒಂದೇ ಕಣದ ಲೆಕ್ಕ ಕೇಳಿ. ಉದ್ದ ಎಂಬತ್ತೈದು ಅಡಿ, ಅಗಲ ನಲವತ್ತಾರು. ನೂರಿಪ್ಪತ್ತು ಕೊಡ ನೀರು, ಎಂಟು ಮಂಕರಿ ಹುತ್ತದ ಮಣ್ಣು, ಇಪ್ಪತ್ತೆರಡು ಮಂಕರಿ ಸಗಣಿ. ಗುರುವಾರ ಕೆರೆದು ನೀರು ಕುಡಿಸಬೇಕು, ಕಲ್ಲುಗುಂಡು ಉರುಳಿಸಬೇಕು. ಶುಕ್ರವಾರ ಬೆಳಗ್ಗೆ ದಿಮ್ಮಸು ಹಾಕಿ ಬಡಿದು, ಸಗಣಿ ಬಗ್ಗಡವನ್ನು ತಂಗಡಿ ಗಿಡದ ಬರಲು ಪೊರಕೆಯಿಂದ ಎಳೆಯಬೇಕು. ಶನಿವಾರ ಇನ್ನೊಂದು ಸಲ, ತೆಳ್ಳಗೆ. ಭಾನುವಾರ ಸುಣ್ಣದ ಗೆರೆ. ಸೋಮವಾರದ ಹೊತ್ತಿಗೆ ಅದರ ಮೇಲೆ ಸಂತೆ ಗಾಡಿಗಳು ಹರಿದು ಎಲ್ಲ ಕಿತ್ತುಹೋಗಿರುತ್ತದೆ. ಗುರುವಾರ ಮತ್ತೆ ಮೊದಲಿಂದ. ವಿಮಲಮ್ಮ ಬಗ್ಗಡ ಕಲಸುತ್ತಾರೆ, ಇವರು ಎಳೆಯುತ್ತಾರೆ. ನಾನೂ ಒಂದು ಬರಲು ಹಿಡಿದೆ. ಎರಡು ಮಾರು ಎಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು, ನಾನು ಎಳೆದ ಜಾಗವನ್ನು ಬೆನಕಪ್ಪ ಇನ್ನೊಮ್ಮೆ ಎಳೆದರು.

ಕೊನೆಗೆ ಒಂದು ಪರೀಕ್ಷೆ ಇದೆ. ಬೆನಕಪ್ಪ ಕಂಕುಳಲ್ಲಿ ಒಂದು ಚೆಂಡು ತಂದು ಎದೆ ಮಟ್ಟದಿಂದ ಬಿಡುತ್ತಾರೆ. "ಸೊಂಟಕ್ಕೆ ಬಂದ್ರೆ ನೆಲ ಆಗೈತೆ ಅಂತ. ಮೊಣಕಾಲಿಗೆ ಬಂದ್ರೆ ಇನ್ನೂ ಹಸಿ. ಇಷ್ಟೇ ಕಣ್ರೀ, ದೊಡ್ಡ ವಿದ್ಯೆ ಏನಲ್ಲ." ಇಡೀ ನೆಲದ ಮೇಲೆ ಹೀಗೆ ಅರವತ್ತು ಕಡೆ ಚೆಂಡು ಬಿಟ್ಟು ನೋಡುವುದನ್ನು ನಾನು ಕಣ್ಣಾರೆ ಎಣಿಸಿದ್ದೇನೆ.

ಈ ಕಣ ಹುಟ್ಟಿದ್ದೇ ಒಂದು ತಮಾಷೆ. 1973ರಲ್ಲಿ ಕಡೂರು ಕಾಲೇಜಿನ ಡ್ರಿಲ್ ಮೇಷ್ಟ್ರು ರಾಮಯ್ಯನವರಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿದಿತ್ತು. ಬೆನಕಪ್ಪನವರಿಗೆ ಒಂದು ಕಾಗದದಲ್ಲಿ ಅಳತೆ ಬರೆದು, ಮಧ್ಯಕ್ಕೊಂದು ದುಂಡನೆಯ ಗೆರೆ ಹಾಕಿ, "ಚೆಂಡಾಡೋಕೆ ಒಂದು ಕಣ ಮಾಡಿ" ಎಂದು ಹೇಳಿ, ಕಬ್ಬಿಣದ ರಿಂಗು ತರಲು ಚಿಕ್ಕಮಗಳೂರಿಗೆ ಹೋದರು. ಬೆನಕಪ್ಪ ಕಣ ಮಾಡಿದರು. ಕಣ ಎಂದ ಮೇಲೆ ಮಧ್ಯೆ ಎತ್ತು ಕಟ್ಟುವ ಮೇಟಿ ಕಂಬ ಬೇಡವೇ? ಮೇಷ್ಟ್ರು ಜಾಗವನ್ನೂ ದುಂಡಗೆ ತೋರಿಸಿಕೊಟ್ಟಿದ್ದಾರೆ. ಆಳುದ್ದದ ಮೇಟಿ ನೆಟ್ಟು, ಮಾವಿನ ಸೊಪ್ಪು ಕಟ್ಟಿ, ಕುಂಕುಮ ಇಟ್ಟು, ಪೂಜೆ ಮಾಡಿ ಮುಗಿಸಿದರು.

ಭಾನುವಾರ ತರೀಕೆರೆ ತಂಡ ಬಂದು ನೋಡುತ್ತದೆ, ಅಂಕಣದ ನಟ್ಟನಡುವೆ ಕಂಬ. ರಾಮಯ್ಯ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕುಳಿತರು. ಕೀಳಿ ಎಂದರೆ ಬೆನಕಪ್ಪ ಒಪ್ಪಲಿಲ್ಲ. ಪೂಜೆಯಾದ ಮೇಟಿಯನ್ನು ಒಕ್ಕಣೆ ಮುಗಿಯದೆ ಕೀಳುವ ಪದ್ಧತಿ ಇಲ್ಲ. ಕಡೆಗೆ ಎರಡೂ ತಂಡದವರು ಕಂಬವನ್ನು ಸುತ್ತಿಕೊಂಡೇ ಪೂರ್ತಿ ಆಟ ಆಡಿದರು. ಆಟ ಮುಗಿದ ಮೇಲೆ ಬೆನಕಪ್ಪ ಕಾಯಿ ಒಡೆದು ಮೇಟಿ ಕಿತ್ತರು. ತರೀಕೆರೆ ಗೆದ್ದಿತ್ತು. ಮೇಟಿ ಅಡ್ಡ ಬಂದು ಸೋತೆವು ಎಂದು ಕಡೂರಿನವರು ಇವತ್ತಿಗೂ ಹೇಳುತ್ತಾರೆ. ಮೇಟಿ ಇದ್ದೂ ಗೆದ್ದೆವು ಎಂದು ತರೀಕೆರೆಯವರು.

"ನಂಗೇನ್ ಗೊತ್ತು ಸ್ವಾಮಿ," ಎಂದು ಬೆನಕಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡು ನಗುತ್ತಾರೆ. "ಇಷ್ಟ್ ಜನ ಸುತ್ತೋದು ನೋಡಿ, ಎತ್ತಿನ್ ಬದ್ಲು ಹುಡುಗ್ರನ್ನೇ ಬಿಟ್ಟವ್ರೆ ಅನ್ಕಂಡೆ."

ಈಗ ವಿಷಯಕ್ಕೆ ಬರುತ್ತೇನೆ. ಈ ವರ್ಷ, ಅಂದರೆ 1984ರ ಜನವರಿಯಲ್ಲಿ, ಕಾಲೇಜಿನ ಕಾಂಪೌಂಡಿನ ಒಳಗೇ ಒಂದು ಸಿಮೆಂಟಿನ ಅಂಕಣ ಸಿದ್ಧವಾಗಿದೆ. ಮೂರು ಕಡೆ ಮೆಟ್ಟಿಲು, ಮೇಲೆ ಶೀಟು, ಮುನ್ನೂರು ಜನ ಕೂರಬಹುದು. ಅಚ್ಚುಕಟ್ಟಾಗಿದೆ, ಸುಳ್ಳು ಹೇಳಬಾರದು. ಪಂದ್ಯಗಳನ್ನು ಬಯಲಿನಿಂದ ಅಲ್ಲಿಗೆ ತರೋಣ ಎಂದು ಪ್ರಿನ್ಸಿಪಾಲರು ಹೇಳಿದ್ದೇ ತಡ, ಊರು ಎರಡಾಗಿ ಹೋಯಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡವರು ಎದ್ದು ನಿಂತು ವಾದ ಮಾಡುತ್ತಿದ್ದರು.

ಕಾಲೇಜಿನ ಪರ ದೊಡ್ಡ ದನಿ ಸೈಕಲ್ ಶಾಪಿನ ಮುಕ್ತಿಯಾರ್ ಅವರದು. ಹತ್ತು ವರ್ಷದಲ್ಲಿ ಒಂದು ಪಂದ್ಯ ತಪ್ಪಿಸದ ಅಭಿಮಾನಿ. ಚಕ್ರಕ್ಕೆ ಗಾಳಿ ಹೊಡೆಯುತ್ತಲೇ ಅವರು ನನಗೆ ಬುದ್ಧಿ ಹೇಳುತ್ತಾರೆ: "ಬಯಲಲ್ಲಿ ನಾವು ಕೂಗಿದ್ದು ಬೀರೂರಿಗೆ ಹೋಗುತ್ತೆ ಸಾರ್, ಹುಡುಗ್ರ ಕಿವಿಗೆ ಬೀಳಲ್ಲ. ಚಿಕ್ಕ ಜಾಗ, ಮೇಲೆ ಶೀಟು. ಅಲ್ಲಿ ಕೂಗಿ ನೋಡಿ, ತರೀಕೆರೆಯೋರಿಗೆ ಎದೆ ಅದುರ್ಬೇಕು. ಆಟ ಅಂದ್ರೆ ಅದು."

ಬಯಲಿನ ಪರ ಇರುವವರು ಬೀರೂರಿನ ಕೊಬ್ಬರಿ ಮಂಡಿಯ ಷಣ್ಮುಖಪ್ಪ. ಅವರ ವಾದ ಒಂದೇ ಮಾತಿನದು: "ಮುನ್ನೂರು ಸೀಟಾ? ನಮ್ಮನೆ ಬೀಗ್ರೇ ಮುನ್ನೂರು ಜನ ಅವ್ರೆ ಕಣ್ರೀ. ಉಳ್ದೋರು ಎಲ್ಲಿಗ್ ಹೋಗ್ಬೇಕು?" ಇಬ್ಬರೂ ಇಪ್ಪತ್ತು ವರ್ಷದ ಸ್ನೇಹಿತರು. ಈ ಜನವರಿಯಲ್ಲಿ ಮಾತ್ರ ಎದುರಿಗೆ ಸಿಕ್ಕರೆ ಸೈಕಲ್ ತಿರುಗಿಸಿಕೊಂಡು ಹೋಗುತ್ತಿದ್ದರು.

ಇಷ್ಟೆಲ್ಲ ವಾದದಲ್ಲಿ ನೆಲ ಮಾಡುವವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಸಿಮೆಂಟಿಗೆ ಬಗ್ಗಡ ಬೇಡ, ಬರಲು ಬೇಡ, ಬೆನಕಪ್ಪ ಬೇಡ. ಆಟ ಅಲ್ಲಿಗೆ ಹೋದರೆ ನಲವತ್ತೈದು ವರ್ಷ ಕಣ ಮಾಡಿದ ಕೈಗೆ ಕಣವೇ ಇಲ್ಲ. ವಿಮಲಮ್ಮ ಹೇಳುತ್ತಾರೆ, "ಹದಿನೈದು ದಿವ್ಸದಿಂದ ಮುದ್ದೆ ಅರ್ಧಕ್ಕೇ ಕೈ ತೊಳೀತಾರೆ. ಕೇಳಿದ್ರೆ ಹಸಿವಿಲ್ಲ ಅಂತಾರೆ. ಇವ್ರಿಗೆ ಹಸಿವಿಲ್ದೇ ಇರೋದು ನಾನು ಕಂಡಿಲ್ಲ."

ಬೆನಕಪ್ಪನವರನ್ನೇ ಕೇಳಿದರೆ, "ಹೋದ್ರೆ ಹೋಗ್ಲಿ ಅನ್ನಕ್ಕೆ ಬಾಯಿ ಬರಲ್ಲ ಸ್ವಾಮಿ" ಎಂದಷ್ಟೇ ಹೇಳುತ್ತಾರೆ.

ಒಂದು ಪಂದ್ಯ ಕಾಲೇಜಿನಲ್ಲೇ ಆಡಿ ನೋಡೋಣ, ಆಮೇಲೆ ಮೂರೂ ಊರಿನ ಅಭಿಮಾನಿಗಳು ಸೇರಿ ಕೈ ಎತ್ತಿ ತೀರ್ಮಾನ ಮಾಡಲಿ ಎಂದು ಪ್ರಿನ್ಸಿಪಾಲರು ಹೇಳಿದರು. ಒಳ್ಳೆಯ ಮನುಷ್ಯ. ಕಡೂರು ಮತ್ತು ಅಜ್ಜಂಪುರದ ನಡುವೆ ಆಟ ಗೊತ್ತಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬೆನಕಪ್ಪನವರಿಗೆ ಪಂದ್ಯದ ದಿನ ಕೆಲಸವಿಲ್ಲ. ರಾಮಯ್ಯ ಮೇಷ್ಟ್ರು ಅವರನ್ನು ಕೈ ಹಿಡಿದು ಕರೆತಂದು ಮುಂದಿನ ಮೆಟ್ಟಿಲಲ್ಲಿ ಕೂರಿಸಿದರು. ಬೆನಕಪ್ಪ ಸಿಮೆಂಟಿನ ಅಂಚಿಗೆ ಚಪ್ಪಲಿ ಬಿಟ್ಟು, ಬಗ್ಗಿ ಅಂಗೈಯಿಂದ ಸವರಿ ನೋಡಿ ಕುಳಿತರು. ನಾನು ಪಕ್ಕದಲ್ಲೇ ಇದ್ದೆ.

ಆಟ ಶುರುವಾಗಿ ಐದು ನಿಮಿಷಕ್ಕೆ ಅವರ ಬಾಯಿ ತೆರೆದುಕೊಂಡಿತು. ಬಯಲಲ್ಲಿ ಅವರು ಪಂದ್ಯದುದ್ದಕ್ಕೂ ಒಂದು ಕೊಡ ಬಗ್ಗಡ ಇಟ್ಟುಕೊಂಡು ಅಂಚಿನಲ್ಲಿ ಕೂರುವವರು. ಎಲ್ಲಿ ನೆಲ ಕಿತ್ತಿತು, ಯಾರ ಕಾಲು ಜಾರಿತು ಎಂದು ನೋಡುವುದರಲ್ಲೇ ಅವರ ಹೊತ್ತು ಕಳೆಯುತ್ತಿತ್ತು. "ಹನ್ನೊಂದು ವರ್ಷ ಬರೀ ಕಾಲ್ ನೋಡಿವ್ನಿ," ಎಂದರು ನನ್ನ ತೊಡೆ ತಟ್ಟಿ. "ಮೇಲೆ ಇಷ್ಟ್ ಚೆಂದ ನಡೀತದಾ? ಅವ್ನ್ ನೋಡಿ, ಗಾಳೀಲೇ ನಿಂತ್ಬಿಟ್ಟ." ಅಜ್ಜಂಪುರದ ಹುಡುಗ ಚೆಂಡು ಹಾಕಿದರೂ ಚಪ್ಪಾಳೆ, ಕಡೂರಿನವನು ಹಾಕಿದರೂ ಚಪ್ಪಾಳೆ. ಹಿಂದಿನವರು ಯಾವ ಕಡೆಯವನಯ್ಯಾ ಇವನು ಎಂದು ಗೊಣಗಿದರು. ನಾನು ಅಷ್ಟು ಸಂತೋಷವಾಗಿ ಯಾವ ಪಂದ್ಯವನ್ನೂ ನೋಡಿಲ್ಲ, ಆಟದ ಗಂಧಗಾಳಿ ನನಗಿಲ್ಲದಿದ್ದರೂ.

ಒಳಗೆ ಹೀಗೆ. ಹೊರಗಿನ ಕಥೆ ಬೇರೆ. ಮುನ್ನೂರು ತುಂಬಿದ ಮೇಲೆ ಗೇಟು ಹಾಕಿದರು. ಸಾವಿರದೇಳುನೂರು ಜನ ಗೋಡೆಯಾಚೆ. ಪಂದ್ಯಕ್ಕೆ ಹೊರಟ ತರೀಕೆರೆಯವರೊಬ್ಬರ ಸೈಕಲ್ಲು ಪಂಕ್ಚರ್ ಆಗಿ, ಅದನ್ನು ಹಾಕಿಕೊಟ್ಟು ಓಡಿ ಬಂದ ಮುಕ್ತಿಯಾರ್ ಅವರೂ ಗೋಡೆಯಾಚೆಯೇ. ಅಷ್ಟು ಹೊಗಳಿದ ಶೀಟಿನ ಸದ್ದನ್ನು ಅವರು ರಸ್ತೆಯಲ್ಲಿ ನಿಂತು ಕೇಳಿದರು. ಅವರ ಪಕ್ಕದಲ್ಲಿ ಷಣ್ಮುಖಪ್ಪ. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಸರದಿಯಲ್ಲಿ ಹತ್ತಿ ಗೋಡೆಯಾಚೆ ಇಣುಕಿದರಂತೆ. ಅಲ್ಲಿಗೆ ಅವರ ಮುನಿಸು ಮುಗಿಯಿತು.

ಮರುವಾರ ಕಾಲೇಜಿನ ಅಂಗಳದಲ್ಲಿ ಸಭೆ. ನಾನೂರಕ್ಕೆ ಮಿಕ್ಕಿ ಜನ. ಮೊದಲು ಎದ್ದು ನಿಂತವರು ಅಜ್ಜಂಪುರದ ದಾಕ್ಷಾಯಣಮ್ಮ. ಅವರ ಮಗ ಆ ಊರಿನ ತಂಡದಲ್ಲಿದ್ದಾನೆ. "ಆಟದ ದಿನ ಬೆಳಗ್ಗೆ ರೈಲು ಹತ್ತಿ, ಬೀರೂರಲ್ಲಿ ಇಳಿದು, ಇನ್ನೊಂದು ಹತ್ತಿ ಬಂದೆ. ಗೇಟ್ ಹಾಕ್ಬಿಟ್ಟಿದ್ರು. ನನ್ ಮಗ ಹದಿನೆಂಟು ಪಾಯಿಂಟ್ ಹಾಕಿದ್ನಂತೆ. ಅಂತೆ ಅಂತ ಕೇಳಕ್ಕಾ ನಾನು ಬಂದಿದ್ದು?" ಎಂದು ಕೇಳಿ ಕುಳಿತರು. ಮುಕ್ತಿಯಾರ್ ಎದ್ದು, "ನಾನು ಹೇಳಿದ್ದು ತಪ್ಪಾಯ್ತು. ಬಯಲೇ ಇರ್ಲಿ" ಎಂದರು.

ಬಯಲೇ ಇರಲಿ ಎನ್ನುವವರು ಕೈ ಎತ್ತಿ ಎಂದರು ಪ್ರಿನ್ಸಿಪಾಲರು. ಎಣಿಸಲು ಹೋದ ರಾಮಯ್ಯ ಮೇಷ್ಟ್ರು ಮುನ್ನೂರ ಎಂಬತ್ತರವರೆಗೆ ಹೋಗಿ ಸಾಕು ಮಾಡಿದರು. ಕಾಲೇಜಿಗೆ ಬರಲಿ ಎನ್ನುವವರು? ಎರಡು ಕೈ ಎದ್ದವು. ಒಂದು, ಆಸೆಪಟ್ಟು ಅಂಕಣ ಕಟ್ಟಿಸಿದ ಪ್ರಿನ್ಸಿಪಾಲರದ್ದೇ. ಇನ್ನೊಂದು ಕೊನೆಯ ಸಾಲಿನಲ್ಲಿ, ಕಂಬಳಿಯಿಂದ ಹೊರಗೆ ಬಂದ ಕೈ. ಎಲ್ಲರೂ ತಿರುಗಿ ನೋಡಿದರು. ಬೆನಕಪ್ಪ.

ವಿಮಲಮ್ಮ ಅವರ ತೋಳು ಹಿಡಿದು ಜಗ್ಗಿದರು. ಕೈ ಇಳಿಯಲಿಲ್ಲ. ಸಭೆಯಲ್ಲಿ ನಗುವೋ ನಗು. ಯಾಕೆ ಬೆನಕಪ್ಪ, ನಿಮ್ಮ ಕಣಕ್ಕೆ ನೀವೇ ಹೀಗೆ ಮಾಡುವುದೇ ಎಂದು ಪ್ರಿನ್ಸಿಪಾಲರು ಕೇಳಿದರು.

"ನೆಲ ಚೆನ್ನಾಗೈತೆ ಬುದ್ದಿ," ಎಂದರು ಬೆನಕಪ್ಪ, ಎದ್ದು ನಿಂತು. "ಕೈಯಾಡ್ಸಿ ನೋಡಿವ್ನಿ. ನಾನು ನೆಲ ಮಾಡೋನು. ಚೆನ್ನಾಗಿರೋದನ್ನ ಚೆನ್ನಾಗಿಲ್ಲ ಅಂತ ಹೆಂಗ್ ಹೇಳ್ಲಿ?"

ಮೊದಲು ಷಣ್ಮುಖಪ್ಪ ಚಪ್ಪಾಳೆ ಶುರು ಮಾಡಿದರು, ಮುಕ್ತಿಯಾರ್ ಸೇರಿದರು, ಆಮೇಲೆ ಎಲ್ಲರೂ. ಹನ್ನೊಂದು ವರ್ಷಕ್ಕೆ ಮೊದಲ ಸಲ ಮೂರೂ ಊರಿನ ಅಭಿಮಾನಿಗಳು ಒಬ್ಬರಿಗೇ ಚಪ್ಪಾಳೆ ತಟ್ಟಿದ್ದು. ನನ್ನ ಕಣ್ಣು ಒದ್ದೆಯಾದದ್ದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಸಭೆ ಮುಗಿದ ಮೇಲೆ ಅವರ ಜೊತೆ ಸ್ಟೇಷನ್ನಿನವರೆಗೆ ನಡೆದೆ. ಸೋತುಬಿಟ್ಟಿರಲ್ಲ ಎಂದು ಚುಡಾಯಿಸಿದೆ. ವಿಮಲಮ್ಮ ಮುಂದೆ ಮುಂದೆ ಗೊಣಗಿಕೊಂಡು ಹೋಗುತ್ತಿದ್ದರು. ಬೆನಕಪ್ಪ ನನ್ನ ಕಡೆ ನೋಡದೆ ಹೇಳಿದರು: "ನಾನು ಸಿಮೆಂಟಿಗೆ ಓಟು ಹಾಕ್ದೆ ಕಣ್ರೀ. ಜನ ನಂಗೆ ಹಾಕಿದ್ರು."