ಆಟಿಯಲ್ಲಿ ಇಟ್ಟ ಮದುವೆ

ಕಾರ್ಕಳದ ಕಾನ್ವೆಂಟಿನಲ್ಲಿ ನಮಗೆ ಪ್ರಬಂಧ ಕಲಿಸಿದ ಸಿಸ್ಟರ್, ಯಾವುದನ್ನು ಬರೆದರೂ ಮೊದಲು ಪ್ರಕೃತಿಯ ವರ್ಣನೆ ಇರಬೇಕು ಎನ್ನುತ್ತಿದ್ದರು. ಆದ್ದರಿಂದ ಮದುವೆಯಾಗಿ ಶಿರ್ವಕ್ಕೆ ಬಂದ ಆರನೆಯ ವರ್ಷ ಕಾದಂಬರಿ ಬರೆಯಲು ಕುಳಿತಾಗ ನಾಲ್ಕು ಪುಟ ಸೂರ್ಯೋದಯವನ್ನೇ ಬರೆದೆ. ಜಗಲಿಯಲ್ಲಿ ಅತ್ತೆಗೆ ಓದಿ ಹೇಳಿದರೆ, ಅವರು ಕಣ್ಣು ಮುಚ್ಚಿಕೊಂಡೇ, "ಇನ್ನೂ ಸೂರ್ಯ ಮೇಲೆ ಬಂದಾಗಲಿಲ್ವಾ?" ಎಂದು ಕೇಳಿದರು.

ಉಡುಪಿಯ ಒಂದು ವಾರಪತ್ರಿಕೆಗೆ ಕಳುಹಿಸಿದ್ದು ಹಿಂದೆ ಬಂತು. ಜೊತೆಗೊಂದು ಚೀಟಿ: "ಭಾಷೆ ಶುದ್ಧವಾಗಿದೆ. ಕತೆ ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ. ಮೊದಲ ಮೂರು ಅಧ್ಯಾಯ ತಿದ್ದಿ, ಮಳೆಗಾಲ ಮುಗಿಯುವುದರೊಳಗೆ ಕಳುಹಿಸಿದರೆ ಇನ್ನೊಮ್ಮೆ ನೋಡುತ್ತೇವೆ." ಅಚ್ಚಿನಲ್ಲಿ ಬರಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಆ ಚೀಟಿಯನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಇನ್ನೊಂದೇ ಸಲ. ಆಗಲೇ ಆಟಿ, ಅಂದರೆ ನಮ್ಮ ತುಳುನಾಡಿನ ಆಷಾಢ; ಹೊರಗೆ ಒಂದೇ ಸಮನೆ ಮಳೆ.

ತಿದ್ದಿದ್ದನ್ನು ಅತ್ತೆಗೆ ಓದುತ್ತಿದ್ದ ಒಂದು ಬೆಳಿಗ್ಗೆ ಕಾಪುವಿನ ಮೀನಿನ ಹೆಂಗಸು ಬಂದಳು. ದೋಣಿ ಕಡಲಿಗಿಳಿಯದ ಕಾಲವಾದ್ದರಿಂದ ಬುಟ್ಟಿಯಲ್ಲಿ ಇದ್ದದ್ದು ಒಣ ಮೀನು ಮಾತ್ರ. ಅವಳಿಗೆ ಅವಸರವಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕಂಬಕ್ಕೆ ಒರಗಿ ಕೇಳಿದಳು. ನನ್ನ ನಾಯಕಿ ಕಾಪುವಿನ ಕಡಲ ಬದಿಯ ಹಿಂದೂ ಹುಡುಗಿ. ನಾನು ಓದಿದ ಕನ್ನಡ ಕಾದಂಬರಿಗಳಲ್ಲಿ ನಮ್ಮ ಹಾಗೆ ಇಗರ್ಜಿಗೆ ಹೋಗುವ ಕ್ರಿಸ್ತಾನ ನಾಯಕಿಯನ್ನು ನೋಡಿಯೇ ಇರಲಿಲ್ಲ. ಮದುಮಗಳ ಸೀರೆ ಮಳೆಯಲ್ಲಿ ನೆನೆಯಲಿ ಎಂದು ಅವಳ ಮದುವೆಯನ್ನು ಆಟಿಯಲ್ಲೇ ಇಟ್ಟಿದ್ದೆ.

"ಆಟಿಯಲ್ಲಿ ಮದುವೆಯಾ?" ಎಂದಳು ಮೀನಿನವಳು. "ಅಪ್ಪನಿಗೆ ತಲೆ ಸರಿ ಉಂಟಾ ಬಾಯಮ್ಮ?"

ನನ್ನ ಮುಖ ಬಿಸಿಯಾಯಿತು. ಆಟಿಯಲ್ಲಿ ಅವರಲ್ಲಿ ಯಾರೂ ಮದುವೆ ಮಾಡುವುದಿಲ್ಲವೆಂದು ನನಗೆ ಗೊತ್ತಿಲ್ಲದ್ದಲ್ಲ. ಬರೆಯುವಾಗ ನೆನಪಾಗಲಿಲ್ಲ. ನಮಗೆ ಮದುವೆ ಕೂಡದ ಕಾಲವೆಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು; ಆಟಿಯೆಂದರೆ ಹಲಸಿನ ಬೀಜ ಸುಟ್ಟು ತಿನ್ನುವ ತಿಂಗಳಷ್ಟೆ.

"ಎರಡು ತಿಂಗಳು ಹಿಂದೆ ಹಾಕ್ತೇನೆ," ಎಂದೆ.

"ಬೇಡ. ಮಾಡಿ ಆಯ್ತಲ್ಲ. ಎಂತಕ್ಕೆ ಮಾಡಿದ, ಅದು ಹೇಳಿ."

ಮುಂದಿನ ಸಲ ಹೇಳುತ್ತೇನೆಂದು ಕಳುಹಿಸಿದೆ.

ಎರಡು ದಿನ ಬಿಟ್ಟು ಬಂದವಳು ಬುಟ್ಟಿ ಇಳಿಸುವ ಮೊದಲೇ ಕೇಳಿದಳು. ಹುಡುಗ ಬೊಂಬಾಯಿಗೆ ಹೋಗಬೇಕಿತ್ತು ಎಂದೆ. "ಹೋಗಿ ಬರಲಿ, ಹುಡುಗಿ ಎಲ್ಲಿಗೂ ಓಡುವುದಿಲ್ಲ." ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಮದುವೆ ನೋಡಬೇಕಂತೆ ಎಂದೆ. "ಆಟಿಯಲ್ಲಿ ಅಂದರೆ ಅಜ್ಜಿ ಎದ್ದು ಕೂತು ಬೇಡ ಅಂತಾಳೆ." ಅತ್ತೆ ನಕ್ಕರು. ನನ್ನ ಕತೆಗೆ ಅವರು ಕಣ್ಣು ಬಿಟ್ಟು ಕುಳಿತದ್ದು ಅದೇ ಮೊದಲು.

ಆ ವಾರವೆಲ್ಲ ಅಕ್ಕಿ ಆರಿಸುವಾಗ, ತೆಂಗಿನಕಾಯಿ ತುರಿಯುವಾಗ ಅದೇ ಯೋಚನೆ. ಆಟಿಯಲ್ಲಿ ಅವರ ಹೊಸ ಮದುಮಗಳಂದಿರು ತವರಿಗೆ ಬಂದು ಉಳಿಯುತ್ತಾರೆ. ಪಕ್ಕದ ಮನೆಯ ಮಗಳೂ ಬಂದಿದ್ದಳು. ಬೇಲಿಯಾಚೆ ಅವಳ ಬಳೆಯ ಸದ್ದು ಕೇಳುತ್ತಿತ್ತು. ಎಲ್ಲ ಹೆಣ್ಣುಮಕ್ಕಳು ಒಳಗೆ ಬರುವ ತಿಂಗಳಲ್ಲಿ ಒಬ್ಬಳನ್ನು ಅಪ್ಪ ಹೊರಗೆ ಕಳುಹಿಸುತ್ತಿದ್ದಾನೆ ಎಂದರೆ, ಬರುವವರಲ್ಲಿ ಯಾರನ್ನೋ ಕಂಡರೆ ಅವನಿಗೆ ಹೆದರಿಕೆ.

ಮೀನಿನವಳು ಮತ್ತೆ ಬಂದಾಗ ಹೇಳಿದೆ: "ಅಕ್ಕನನ್ನು ಬೇಸಿಗೆಯಲ್ಲಿ ಬಜಗೋಳಿಗೆ ಕೊಟ್ಟಿದ್ದರು. ಹುಡುಗನೂ ಅದೇ ಊರಿನವನು. ಅಕ್ಕ ತವರಿಗೆ ಬರುವ ಮುಂಚೆ ತಂಗಿಯ ಧಾರೆ ಮುಗಿಯಬೇಕು."

ಹೊರಡಲೆಂದು ತಲೆಗೇರಿಸಿದ್ದ ಬುಟ್ಟಿಯನ್ನು ಅವಳು ಮತ್ತೆ ಕೆಳಗಿಟ್ಟಳು. "ಹುಡುಗನ ವಿಷಯ ಅಕ್ಕನಿಗೆ ಎಂತ ಗೊತ್ತುಂಟು?"

"ಮುಂದಿನ ಸಲ," ಎಂದೆ. ನಿಜ ಹೇಳಬೇಕೆಂದರೆ, ನನಗೇ ಇನ್ನೂ ಗೊತ್ತಿರಲಿಲ್ಲ.

"ಒಳ್ಳೆ ಬಾಯಮ್ಮ ನೀವು. ದಾರಿ ಇಡೀ ನಾನು ಇದನ್ನೇ ಹೊರಬೇಕು," ಎಂದು ಗೊಣಗುತ್ತಾ ಹೋದಳು.

ಅಂದೇ ಸೂರ್ಯೋದಯದ ನಾಲ್ಕು ಪುಟಗಳನ್ನು ಹರಿದು ಒಲೆಗೆ ಹಾಕಿದೆ. ಬಟ್ಟಲಲ್ಲಿ ಅರಸಿನ ಕಲಸುತ್ತಾ ಬಾಗಿಲ ಕಡೆಗೇ ನೋಡುತ್ತಿರುವ ಅಪ್ಪನಿಂದ ಕತೆ ಶುರುಮಾಡಿದೆ. ಅವನಿಗೆ ಹೆದರಿಕೆ ಎಂದು ಎಲ್ಲೂ ಬರೆಯಲಿಲ್ಲ. ಅರಸಿನಕ್ಕೆ ನೀರು ಹೆಚ್ಚು ಸುರಿದುಬಿಟ್ಟ ಎಂದಷ್ಟೇ ಬರೆದೆ. ಸೀರೆ ಮಾತ್ರ ಮಳೆಯಲ್ಲಿ ನೆನೆಯಿತು, ಅದನ್ನು ಬಿಡಲು ಮನಸ್ಸಾಗಲಿಲ್ಲ. ಮೂರನೆಯ ಅಧ್ಯಾಯದ ಕೊನೆಗೆ, ಬಸ್ಸಿನಿಂದಿಳಿದ ಅಕ್ಕ ಕೊಡೆ ಬಿಚ್ಚುವಲ್ಲಿಗೆ ಪೆನ್ನು ಕೆಳಗಿಟ್ಟೆ.

ನನ್ನ ಗಂಡ ಅದನ್ನು ಉಡುಪಿಗೆ ಹೋದಾಗ ಕೊಟ್ಟು ಬಂದರು. ಮಳೆ ನಿಂತು ದೋಣಿಗಳು ಕಡಲಿಗಿಳಿದ ಮೇಲೆ ಒಂದು ಕಾರ್ಡು ಬಂತು: ಮುಂದಿನ ತಿಂಗಳಿನಿಂದ ಅಚ್ಚು ಹಾಕುತ್ತೇವೆ, ನಾಲ್ಕನೆಯ ಅಧ್ಯಾಯವನ್ನು ಬೇಗ ಕಳುಹಿಸಿ.

ಬಂಗುಡೆ ಮೀನು ಕೊಯ್ಯಲು ಕುಳಿತಿದ್ದ ನಾನು ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ಎದ್ದು ಬಂದು ನನ್ನ ಕೈಯಿಂದ ಕತ್ತಿ ತೆಗೆದುಕೊಂಡು, ಮಣೆಯ ಮೇಲೆ ಕುಳಿತರು.

"ಕೈ ತೊಳೆದು ಹೋಗು," ಎಂದರು. "ಅಕ್ಕ ಎಷ್ಟು ಹೊತ್ತು ಅಂತ ಆ ಮಳೆಯಲ್ಲಿ ನಿಲ್ಲುವುದು?"